ಎಸ್‌ಜೆಪಿ ರೋಡಿನ ಟೂ-ಸ್ಟ್ರೋಕ್ ರಿಪೇರಿ ಅಂಗಡಿ: ರೇಸ್ ಕೊಟ್ಟರೆ ಆಫ್ ಆಗುವ ಹುಲ್ಲಿನ ಮಷೀನ್ ಇಲ್ಲಿಗೆ ತನ್ನಿ

ಹುಲ್ಲು ಕತ್ತರಿಸುವ ನಿಮ್ಮ ಮಷೀನ್ ಹಗ್ಗ ಎಳೆದ ತಕ್ಷಣ ಸ್ಟಾರ್ಟ್ ಆಗಿ, ರೇಸ್ ಕೊಟ್ಟ ಕೂಡಲೇ ಆಫ್ ಆಗುತ್ತಿದೆಯಾ? ಹಾಗಾದರೆ ಹೊಸ ಇಂಜಿನ್‌ಗೆ ದುಡ್ಡು ಹಾಕುವ ಮೊದಲು ಒಂದು ಸಲ ಬೆಂಗಳೂರಿನ ಎಸ್‌ಜೆಪಿ ರೋಡಿಗೆ ಹೋಗಿ ಬನ್ನಿ. ಪಂಪ್‌ಸೆಟ್, ಮೋಟಾರ್ ಅಂಗಡಿಗಳ ಸಾಲಿನಿಂದ ಒಳಗಲ್ಲಿಗೆ ತಿರುಗಿದರೆ ಒಂದೇ ಶಟರ್ ಅಗಲದ ರಿಪೇರಿ ಅಂಗಡಿ ಇದೆ. ಬೋರ್ಡ್ ಇಲ್ಲ. ಬಾಗಿಲಲ್ಲಿ ಪವರ್ ಸ್ಪ್ರೇಯರ್, ಚೈನ್ ಸಾ, ಬ್ರಷ್ ಕಟ್ಟರ್ ಎಲ್ಲ ಗುಡ್ಡೆ ಬಿದ್ದಿರುವುದು ಕಂಡರೆ ಅದೇ ಅಂಗಡಿ. ಅಲ್ಲಿನ ಮೆಕ್ಯಾನಿಕ್‌ಗೆ ಎಲ್ಲರೂ ಭಾಯ್ ಅಂತಲೇ ಕರೆಯುತ್ತಾರೆ. ಈ ರಿವ್ಯೂ ಸ್ವಲ್ಪ ಉದ್ದ ಆಗುತ್ತದೆ, ಯಾಕೆಂದರೆ ಈ ಒಂದು ತೊಂದರೆಗೆ ಜನ ಸುಮ್ನೆ ಸಾವಿರಗಟ್ಟಲೆ ಕಳೆದುಕೊಳ್ಳುತ್ತಿದ್ದಾರೆ, ಮತ್ತೆ ಅಲ್ಲಿ ಕೂತು ನಾನು ಕಣ್ಣಾರೆ ನೋಡಿದ್ದು ನಿಮಗೂ ಉಪಯೋಗಕ್ಕೆ ಬರಲಿ ಅಂತ.

ಮಷೀನ್ ನಮ್ಮ ಲೇಔಟ್ ಸಂಘದ್ದು. ಉತ್ತರಹಳ್ಳಿ ಕಡೆ ಒಂದು ಸಣ್ಣ ಪಾರ್ಕ್, ಅದರ ಸುತ್ತ ಇನ್ನೂ ಮನೆ ಕಟ್ಟದ ಸೈಟುಗಳು. ಮಳೆಗಾಲ ಬಂತು ಅಂದರೆ ಆ ಸೈಟುಗಳಲ್ಲಿ ಕಾಂಗ್ರೆಸ್ ಗಿಡ ಎದೆಮಟ್ಟ ಬೆಳೆಯುತ್ತದೆ. ಅದರ ಹೂವಿನ ಪುಡಿಗೆ ಎಷ್ಟೋ ಜನಕ್ಕೆ ಮೈ ತುರಿಕೆ, ಮೂಗು ಕಟ್ಟುವುದು, ಉಬ್ಬಸ. ಹೂ ಬಿಡುವ ಮೊದಲೇ ಕೊಚ್ಚಿ ಹಾಕಿದರೆ ಅರ್ಧ ಕಾಟ ಕಡಿಮೆ. ಅದಕ್ಕೇ ಸಂಘದಿಂದ 43 ಸಿಸಿಯ ಬ್ರಷ್ ಕಟ್ಟರ್ ತೆಗೆದುಕೊಂಡೆವು. ಆನ್‌ಲೈನ್‌ನಲ್ಲಿ ಹತ್ತಾರು ಹೆಸರಲ್ಲಿ ಸಿಗುವ ಚೀನಾ ಇಂಜಿನ್. ಮೇಲೆ 1ಇ40ಎಫ್-5 ಅಂತ ಬರೆದಿರುತ್ತದಲ್ಲ, ಅದು. ಒಂದು ಸಿಲಿಂಡರ್, 40 ಮಿಲಿಮೀಟರ್ ಪಿಸ್ಟನ್ ಅಗಲ ಅಂತ ಅರ್ಥ. 52 ಸಿಸಿಯದಾದರೆ 1ಇ44ಎಫ್ ಅಂತ ಇರುತ್ತದೆ. ಸ್ಪೇರ್ ತರಲು ಹೋದಾಗ ಕಂಪನಿ ಹೆಸರಿಗಿಂತ ಈ ನಂಬರ್ ಹೇಳಿದರೆ ಕೆಲಸ ಬೇಗ ಆಗುತ್ತದೆ.

ತೊಂದರೆ ಹೀಗಿತ್ತು. ಚೋಕ್ ಹಾಕಿ ಎಳೆದರೆ ಸ್ಟಾರ್ಟ್ ಆಗುತ್ತಿತ್ತು. ಐಡ್ಲಿಂಗ್‌ನಲ್ಲಿ ಓಡುತ್ತಿತ್ತು. ಚೋಕ್ ತೆಗೆದು ರೇಸ್ ಕೊಟ್ಟರೆ ಒಂದು ಸಲ ಗಂಟಲು ಕಟ್ಟಿದ ಹಾಗೆ ಸದ್ದು ಮಾಡಿ ಆಫ್. ಅರ್ಧ ಚೋಕ್‌ನಲ್ಲಿ ಇಟ್ಟುಕೊಂಡು ಹೇಗೋ ಹುಲ್ಲು ಹೊಡೆಯಲು ಶುರು ಮಾಡಿದರೆ, ಸ್ವಲ್ಪ ಹೊತ್ತಿಗೆ ತಾನಾಗಿಯೇ ನಿಧಾನ ಆಗಿ ನಿಲ್ಲುತ್ತಿತ್ತು. ನಮ್ಮ ಮಾಲಿ ಎಳೆದೂ ಎಳೆದೂ ಸೋತುಹೋಗಿದ್ದರು. 'ಅಮ್ಮ, ಇದಕ್ಕಿಂತ ಮಚ್ಚೇ ವಾಸಿ' ಅಂದರು.

ಮನೆ ಹತ್ತಿರದ ಒಂದು ಸರ್ವೀಸ್ ಸೆಂಟರ್‌ಗೆ ಮೊದಲು ಕೊಟ್ಟಿದ್ದೆವು. ಅವರು ಪ್ಲಗ್ ಬದಲಾಯಿಸಿದರು, ಏರ್ ಫಿಲ್ಟರ್ ತೊಳೆದರು, ವಾಪಸ್ ಕೊಟ್ಟರು. ಮತ್ತೆ ಅದೇ ಕಥೆ. ಎರಡನೇ ಸಲ ಹೋದಾಗ 'ಬ್ಲಾಕ್ ಪಿಸ್ಟನ್ ಹೋಗಿದೆ, 4,800 ಆಗುತ್ತೆ, ಅದರ ಬದಲು ಹೊಸದೇ ತಗೊಳ್ಳಿ' ಅಂದರು. ಬಿಚ್ಚಿ ತೋರಿಸಿ ಅಂದರೆ ತೋರಿಸಲಿಲ್ಲ. ನನಗೆ ಕೋಪ ಬಂದಿದ್ದು ದುಡ್ಡಿಗಲ್ಲ. ಸೈಲೆನ್ಸರ್ ಕೂಡ ಬಿಚ್ಚದೆ ಪಿಸ್ಟನ್ ಹೋಗಿದೆ ಅಂತ ಹೇಗೆ ಗೊತ್ತಾಯಿತು? ಇದು ಸಂಘದ ದುಡ್ಡು, ನೂರು ಮನೆಯವರಿಗೆ ಲೆಕ್ಕ ಕೊಡಬೇಕು.

ಎಸ್‌ಜೆಪಿ ರೋಡಿನ ಭಾಯ್ ಮೊದಲು ಮಾಡಿದ ಕೆಲಸ ಏನು ಗೊತ್ತಾ? ಮಷೀನ್ ಮುಟ್ಟಲೇ ಇಲ್ಲ. ಸ್ಟೂಲ್ ಕೊಟ್ಟು ಕೂರಿಸಿ ಪ್ರಶ್ನೆ ಕೇಳಿದರು. ತಣ್ಣಗಿದ್ದಾಗ ಆಫ್ ಆಗುತ್ತಾ, ಬಿಸಿ ಆದ ಮೇಲೆ ಆಗುತ್ತಾ? ಆಫ್ ಆದ ಮೇಲೆ ತಕ್ಷಣ ಎಳೆದರೆ ಸ್ಟಾರ್ಟ್ ಆಗುತ್ತಾ, ಅರ್ಧ ಗಂಟೆ ಬಿಡಬೇಕಾ? ನಿಲ್ಲುವಾಗ ಕರೆಂಟ್ ಹೋದ ಹಾಗೆ ಪಕ್ಕನೆ ನಿಲ್ಲುತ್ತಾ, ಉಸಿರು ಕಟ್ಟಿದ ಹಾಗೆ ನಿಧಾನಕ್ಕಾ? ಚೋಕ್ ಹಾಕಿದರೆ ಸುಧಾರಿಸುತ್ತಾ, ಇನ್ನೂ ಕೆಡುತ್ತಾ? ಪೆಟ್ರೋಲ್ ಯಾವಾಗ ಹಾಕಿಸಿದ್ದು, ಆಯಿಲ್ ಎಷ್ಟು ಹಾಕುತ್ತೀರಾ? ಇದನ್ನೆಲ್ಲ ಅವರು ನನ್ನನ್ನೇ ಕೇಳಿದರು, ಜೊತೆಗೆ ಬಂದಿದ್ದ ಮಾಲಿಯನ್ನೂ ಕೇಳಿದರು, ಯಾಕೆಂದರೆ ಮಷೀನ್ ಹೆಗಲಿಗೆ ಹಾಕುವುದು ಅವರು. ಹೆಂಗಸರು ಮಷೀನ್ ತಂದರೆ ಮುಖ ನೋಡದೆ ಪಕ್ಕದ ಗಂಡಸಿನ ಜೊತೆ ಮಾತಾಡುವ ಅಂಗಡಿಗಳನ್ನು ಎಷ್ಟೋ ನೋಡಿದ್ದೇನೆ. ಇಲ್ಲಿ ಹಾಗಾಗಲಿಲ್ಲ.

ಪ್ರತಿ ಪ್ರಶ್ನೆಗೂ ಕಾರಣ ಇದೆ ಅಂತ ಆಮೇಲೆ ಅವರೇ ಬಿಡಿಸಿ ಹೇಳಿದರು. ಬಿಸಿ ಆದ ಮೇಲೆ ಪಕ್ಕನೆ ನಿಂತು, ಆರಿದ ಮೇಲಷ್ಟೇ ಸ್ಟಾರ್ಟ್ ಆದರೆ ಮೊದಲ ಅನುಮಾನ ಕಾಯಿಲ್ ಮೇಲೆ. ಒಳಗಿನ ವೈಂಡಿಂಗ್ ಬಿಸಿಗೆ ಬಿಟ್ಟುಕೊಂಡು ಕರೆಂಟ್ ಬರುವುದು ನಿಲ್ಲುತ್ತದೆ. ಆಗ ಮನೆಯಲ್ಲಿ ತಣ್ಣಗೆ ಕೂತು ಪ್ಲಗ್ ಬಿಚ್ಚಿ ನೋಡಿದರೆ ಕಿಡಿ ಚೆನ್ನಾಗೇ ಕಾಣುತ್ತದೆ, ಏನೂ ಗೊತ್ತಾಗಲ್ಲ. ನಿಂತ ಆ ಕ್ಷಣದಲ್ಲೇ ನೋಡಬೇಕು. ನಿಧಾನಕ್ಕೆ ಉಸಿರು ಕಟ್ಟಿದರೆ ಪೆಟ್ರೋಲ್ ಸಾಲುತ್ತಿಲ್ಲ. ಚೋಕ್ ಹಾಕಿದರೆ ಸುಧಾರಿಸುತ್ತದೆ ಅಂದರೂ ಅದೇ, ಯಾಕೆಂದರೆ ಚೋಕ್ ಗಾಳಿ ಕಡಿಮೆ ಮಾಡಿ ಪೆಟ್ರೋಲ್ ಜಾಸ್ತಿ ಎಳೆಯುವ ಹಾಗೆ ಮಾಡುತ್ತದೆ. ನಮ್ಮದು ಈ ಎರಡನೇ ಜಾತಿ.

ಆಮೇಲೆ ಹಗ್ಗದ ಹಿಡಿ ಹಿಡಿದು ಇಂಜಿನ್ ಮೇಲಕ್ಕೆತ್ತಿದರು. ಮಷೀನ್ ತನ್ನ ಭಾರಕ್ಕೆ ಸರ್ರಂತ ಕೆಳಗೆ ಬರಲಿಲ್ಲ, ತಡೆದು ತಡೆದು ಇಳಿಯಿತು. 'ಕಂಪ್ರೆಷನ್ ಇದೆ ಮೇಡಂ' ಅಂದರು, ಅಂದರೆ ಪಿಸ್ಟನ್ ಗಾಳಿ ಸೋರದ ಹಾಗೆ ಒತ್ತುತ್ತಿದೆ ಅಂತ. ಅಷ್ಟಕ್ಕೇ ಬಿಡಲಿಲ್ಲ. ಪ್ಲಗ್ ಜಾಗಕ್ಕೆ ಗೇಜ್ ಹಾಕಿ ಮುಳ್ಳು ಎಲ್ಲಿಗೆ ಬಂತು ಅಂತ ತೋರಿಸಿದರು. ನೂರು ಪಿಎಸ್‌ಐ ದಾಟಿತ್ತು, ಇಷ್ಟು ಸಣ್ಣ ಇಂಜಿನ್‌ಗೆ ಅದು ಸಾಕು. ಸೈಲೆನ್ಸರ್ ಬಿಚ್ಚಿ ಟಾರ್ಚ್ ಬಿಟ್ಟು ಪಿಸ್ಟನ್ ಪಕ್ಕ ತೋರಿಸಿದರು. ಆಯಿಲ್ ಸಾಲದೆ ಸೀಜ್ ಆದ, ಅಂದರೆ ಬಿಸಿಗೆ ಒಳಗೇ ಕಚ್ಚಿಕೊಂಡ ಪಿಸ್ಟನ್‌ನಲ್ಲಿ ಮೇಲಿಂದ ಕೆಳಗೆ ಗೀರು ಬಿದ್ದಿರುತ್ತದೆ. ನಮ್ಮದು ನುಣ್ಣಗಿತ್ತು. 4,800 ರೂಪಾಯಿಯ ಪಿಸ್ಟನ್ ರಿಪೇರಿ ಅಲ್ಲಿಗೆ ಮುಗಿಯಿತು.

ಸೈಲೆನ್ಸರ್ ಬಿಚ್ಚಿದ್ದಕ್ಕೆ ಇನ್ನೊಂದು ಲಾಭ ಆಯಿತು. ಹೊಗೆ ಹೊರಗೆ ಬರುವ ಬಾಯಿಗೆ ಉಗುರಿನಷ್ಟು ದೊಡ್ಡ ಜಾಲರಿ ಇರುತ್ತದೆ. ಕಿಡಿ ಹಾರಿ ಒಣಹುಲ್ಲಿಗೆ ಬೆಂಕಿ ಹತ್ತಬಾರದು ಅಂತ ಇಟ್ಟಿರುವುದು. ನಮ್ಮದು ಕರಿ ಕಟ್ಟಿ ಅರ್ಧ ಮುಚ್ಚಿಹೋಗಿತ್ತು. ಹೊಗೆ ಹೊರಗೆ ಹೋಗದಿದ್ದರೆ ಹೊಸ ಗಾಳಿ ಒಳಗೆ ಬರಲ್ಲ, ಇಂಜಿನ್ ಐಡ್ಲಿಂಗ್‌ನಲ್ಲಿ ಓಡಿದರೂ ರೇಸ್ ಏರಲ್ಲ. ಅದನ್ನು ಉರಿಸಿ, ತಂತಿ ಬ್ರಷ್‌ನಲ್ಲಿ ಉಜ್ಜಿ ಹಾಕಿದರು. ಕೆಲವರು ಇದನ್ನು ಕಿತ್ತು ಬಿಸಾಡುತ್ತಾರಂತೆ, ಬೇಸಿಗೆಯಲ್ಲಿ ಒಣಹುಲ್ಲು ಹೊಡೆಯುವವರು ಖಂಡಿತ ಹಾಗೆ ಮಾಡಬೇಡಿ ಅಂದರು.

ಇನ್ನು ಪೆಟ್ರೋಲ್ ದಾರಿ. ಟ್ಯಾಂಕಿನ ಮುಚ್ಚಳ ಬಿಗಿ ಮಾಡಿ ಸ್ಟಾರ್ಟ್ ಮಾಡಿ, ಅರ್ಧ ಚೋಕ್‌ನಲ್ಲಿ ಓಡಲು ಬಿಟ್ಟರು. ಇಂಜಿನ್ ಕುಗ್ಗಲು ಶುರುವಾದಾಗ ಮುಚ್ಚಳ ಸ್ವಲ್ಪ ತಿರುಗಿಸಿದರು. ಸುಸ್ ಅಂತ ಗಾಳಿ ಒಳಗೆ ಹೋದ ಸದ್ದು ನನಗೇ ಕೇಳಿಸಿತು, ಇಂಜಿನ್ ಮತ್ತೆ ಚೇತರಿಸಿಕೊಂಡಿತು. ಟ್ಯಾಂಕಿನಿಂದ ಪೆಟ್ರೋಲ್ ಖರ್ಚಾದಷ್ಟು ಗಾಳಿ ಒಳಗೆ ಬರಬೇಕು, ಅದಕ್ಕೊಂದು ಸಣ್ಣ ವಾಲ್ವ್ ಇರುತ್ತದೆ. ಅದರಲ್ಲಿ ಧೂಳು, ಹುಲ್ಲಿನ ಚೂರು ಕೂತರೆ ಟ್ಯಾಂಕ್ ಒಳಗೆ ಗಾಳಿ ಇಲ್ಲದಂತಾಗಿ ಪೆಟ್ರೋಲ್ ಮೇಲೆ ಬರುವುದು ನಿಲ್ಲುತ್ತದೆ. ಓಡುತ್ತಾ ಓಡುತ್ತಾ ನಿಲ್ಲುವ ಎಷ್ಟೋ ಮಷೀನ್‌ಗಳ ರೋಗ ಇಷ್ಟೇ. ಇದನ್ನು ನೀವು ಮನೆಯಲ್ಲೇ ನೋಡಿಕೊಳ್ಳಬಹುದು, ಒಂದು ಪೈಸೆ ಖರ್ಚಿಲ್ಲ. ಮಷೀನ್ ನೆಲದ ಮೇಲೆ ನೆಟ್ಟಗೆ ಇರಲಿ, ಮುಚ್ಚಳ ಪೂರ್ತಿ ತೆಗೆಯಬೇಡಿ, ಬಿಸಿ ಸೈಲೆನ್ಸರ್ ಮೇಲೆ ಪೆಟ್ರೋಲ್ ಚೆಲ್ಲಿದರೆ ಅಪಾಯ.

ವಾಲ್ವ್ ಸ್ವಚ್ಛ ಮಾಡಿದ ಮೇಲೆ ಓಡುತ್ತಾ ನಿಲ್ಲುವುದು ನಿಂತಿತು. ಆದರೂ ರೇಸ್ ಕೊಟ್ಟರೆ ಅದೇ ಗಂಟಲು ಕಟ್ಟುವುದು. ಬೇರೆ ಅಂಗಡಿಯವರಾಗಿದ್ದರೆ ಇಷ್ಟಕ್ಕೇ ಬಿಲ್ ಮಾಡಿ ಕಳಿಸುತ್ತಿದ್ದರೋ ಏನೋ. ಭಾಯ್ ಕೊಕ್ಕೆ ತಂತಿ ಹಾಕಿ ಟ್ಯಾಂಕ್ ಒಳಗಿನ ಫಿಲ್ಟರ್ ಎಳೆದರು, ಅದು ಪರವಾಗಿಲ್ಲ. ಪೈಪ್ ಟ್ಯಾಂಕಿನೊಳಗೆ ಇಳಿಯುವ ಕಡೆ ರಬ್ಬರ್ ಬುಷ್ ಹತ್ತಿರ ಬಗ್ಗಿಸಿ ನೋಡಿದರು. ಪೈಪ್ ಸೀಳುವುದು ಸಾಮಾನ್ಯವಾಗಿ ಅಲ್ಲೇ, ಹೊರಗಿನಿಂದ ಕಾಣಿಸಲ್ಲ, ಪೆಟ್ರೋಲ್ ಜೊತೆ ಗಾಳಿ ಎಳೆಯುತ್ತದೆ. ನಮ್ಮದರಲ್ಲಿ ಸೀಳಿರಲಿಲ್ಲ, ಆದರೆ ಪೈಪ್ ಗಟ್ಟಿಯಾಗಿತ್ತು, ಅದನ್ನೂ ಬದಲಾಯಿಸಿಬಿಡೋಣ ಅಂದರು.

ಕೊನೆಗೆ ಕಾರ್ಬೊರೇಟರ್. ಈ ಭಾಗ ನನಗೆ ಬಹಳ ಇಷ್ಟ ಆಯಿತು, ಅದಕ್ಕೇ ಬಿಡಿಸಿ ಬರೆಯುತ್ತೇನೆ. ಬೈಕಿನ ಕಾರ್ಬೊರೇಟರ್‌ನಲ್ಲಿ ಪೆಟ್ರೋಲ್ ನಿಲ್ಲುವ ಬಟ್ಟಲು, ಅದರಲ್ಲಿ ತೇಲುವ ಫ್ಲೋಟ್ ಇರುತ್ತದೆ. ಹುಲ್ಲಿನ ಮಷೀನನ್ನು ಓರೆ ಹಿಡಿಯಬೇಕು, ಪಕ್ಕಕ್ಕೆ ಬೀಸಬೇಕು, ಅಲ್ಲಿ ಬಟ್ಟಲು ನಡೆಯಲ್ಲ. ಅದಕ್ಕೇ ಇದರಲ್ಲಿ ಡಯಾಫ್ರಾಮ್ ಕಾರ್ಬೊರೇಟರ್. ಒಳಗೆ ಎರಡು ತೆಳು ಪರದೆ. ಒಂದು ಪಂಪ್ ಕೆಲಸ ಮಾಡುತ್ತದೆ. ಪಿಸ್ಟನ್ ಮೇಲೆ ಕೆಳಗೆ ಹೋಗುವಾಗ ಇಂಜಿನ್ ಕೇಸ್ ಒಳಗೆ ಒತ್ತಡ ಏರಿ ಇಳಿಯುತ್ತದಲ್ಲ, ಆ ಮಿಡಿತಕ್ಕೆ ಈ ಪರದೆ ಅಲುಗಾಡಿ ಟ್ಯಾಂಕಿನಿಂದ ಪೆಟ್ರೋಲ್ ಎಳೆಯುತ್ತದೆ. ಇನ್ನೊಂದು ಪರದೆ ಲೆಕ್ಕ ನೋಡಿಕೊಳ್ಳುತ್ತದೆ. ಇಂಜಿನ್ ಎಳೆದಷ್ಟೂ ಒಳಕ್ಕೆ ಬಾಗಿ, ಸಣ್ಣ ಲಿವರ್ ಒತ್ತಿ, ಸೂಜಿ ಎತ್ತಿ, ಬೇಕಾದಷ್ಟೇ ಪೆಟ್ರೋಲ್ ಬಿಡುತ್ತದೆ. ಈ ಪರದೆ ಮೆತ್ತಗಿರುವವರೆಗೆ ಎಲ್ಲ ಸರಿ. ಗಟ್ಟಿಯಾದರೆ ಐಡ್ಲಿಂಗ್‌ಗೆ ಸಾಕಾಗುವಷ್ಟು ಬಾಗುತ್ತದೆ, ಪೂರ್ತಿ ರೇಸ್‌ಗೆ ಬಾಗಲ್ಲ.

ಸ್ಟಾರ್ಟ್ ಮಾಡುವ ಮೊದಲು ಪೆಟ್ರೋಲ್ ಎಳೆಯಲು ಒತ್ತುವ ಮೆತ್ತನೆ ಬಾಲ್ ಇರುತ್ತದಲ್ಲ, ಭಾಯ್ ಅದಿರುವ ಮುಚ್ಚಳದ ಸ್ಕ್ರೂ ಬಿಚ್ಚಿ ನಮ್ಮ ಹಳೇ ಪರದೆ ತೆಗೆದು ನನ್ನ ಕೈಗೆ ಕೊಟ್ಟರು. ಐದು ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದು, ಕಪ್ಪು, ಮಧ್ಯದಲ್ಲೊಂದು ಲೋಹದ ಗುಂಡಿ. ಬೆರಳಲ್ಲಿ ಒತ್ತಿದರೆ ಹಪ್ಪಳದ ಹಾಗೆ ಚಟಚಟ ಅಂತು. ಆಮೇಲೆ ಹೊಸದು ಕೊಟ್ಟರು. ಒತ್ತಿದರೆ ಸದ್ದೇ ಇಲ್ಲ, ಬಟ್ಟೆ ಮುಟ್ಟಿದಷ್ಟು ಮೆತ್ತಗೆ. ಎರಡನ್ನೂ ಬೆಳಕಿಗೆ ಹಿಡಿದು ನೋಡಿ ಅಂದರು. ಹಳೆಯದರ ಅಂಚಿನಲ್ಲಿ ಸುಕ್ಕು ಹಾಗೇ ಕೂತುಬಿಟ್ಟಿತ್ತು. ನನಗೆ ಆ ಹೊತ್ತಿಗೆ ಯಾವ ವಿವರಣೆಯೂ ಬೇಕಿರಲಿಲ್ಲ.

ಹೊಸ ಪರದೆ, ಪ್ಯಾಕಿಂಗ್ ಇರುವ ಕಿಟ್ ಹಾಕುವಾಗ ಜೋಡಿಸುವ ಕ್ರಮ ನೋಡಿಟ್ಟುಕೊಳ್ಳಿ. ಸಾಮಾನ್ಯವಾಗಿ ಲೆಕ್ಕದ ಪರದೆಯ ಕಡೆ ಕಾರ್ಬೊರೇಟರ್ ಮೈಗೆ ಮೊದಲು ಪ್ಯಾಕಿಂಗ್, ಅದರ ಮೇಲೆ ಪರದೆ. ಪಂಪಿನ ಕಡೆ ಉಲ್ಟಾ, ಮೊದಲು ಪರದೆ, ಮೇಲೆ ಪ್ಯಾಕಿಂಗ್. ಇದು ಅದಲುಬದಲಾದರೆ ಹೊಸ ಕಿಟ್ ಹಾಕಿದ ಮೇಲೂ ಮಷೀನ್ ಓಡಲ್ಲ. ಆಗ ಜನ ಕಿಟ್‌ಗೇ ಬೈಯುತ್ತಾರೆ ಅಂದರು ಭಾಯ್. ಬಿಚ್ಚುವಾಗಲೇ ಫೋನಲ್ಲಿ ಒಂದು ಫೋಟೋ ತೆಗೆದುಕೊಂಡರೆ ಒಳ್ಳೆಯದು. ಲಿವರ್ ಎತ್ತರ ನೋಡಿದರು, ಸೂಜಿ ಕೂರುವ ಜಾಗಕ್ಕೆ ಕೈ ಪಂಪಿನಿಂದ ಒತ್ತಡ ಕೊಟ್ಟು ಗೇಜಿನ ಮುಳ್ಳು ಇಳಿಯುತ್ತಾ ಅಂತ ಕಾದು ನೋಡಿದರು. ಇಳಿಯಲಿಲ್ಲ. ಆಮೇಲಷ್ಟೇ ಮುಚ್ಚಿದ್ದು.

ಪರದೆ ಯಾಕೆ ಗಟ್ಟಿ ಆಯಿತು ಅಂತ ಕೇಳಿದೆ. ಟ್ಯಾಂಕಿನಲ್ಲಿದ್ದ ನಮ್ಮ ಹಳೇ ಪೆಟ್ರೋಲನ್ನು ಗಾಜಿನ ಬಾಟಲಿಗೆ ಬಗ್ಗಿಸಿ ಬೆಂಚಿನ ಮೇಲೆ ಇಟ್ಟರು. ಸ್ವಲ್ಪ ಹೊತ್ತಾದ ಮೇಲೆ ನೋಡಿದರೆ ತಳದಲ್ಲಿ ಬೇರೆಯೇ ಒಂದು ಪದರ, ಮಬ್ಬು ಮಬ್ಬಾಗಿ. ನೀರು ಮತ್ತು ಎಥನಾಲ್ ಸೇರಿ ಕೆಳಗೆ ಕೂತಿದ್ದು. ಇಂಥ ಹಳೇ ಪೆಟ್ರೋಲ್ ಒಳಗೇ ನಿಂತು ಪರದೆ ಗಟ್ಟಿಯಾಗಿದ್ದು. ಈಗ ಬಂಕಿನಲ್ಲಿ ಸಿಗುವುದು ಶೇಕಡ 20 ಎಥನಾಲ್ ಬೆರೆಸಿದ ಪೆಟ್ರೋಲ್. 2023ರ ಫೆಬ್ರವರಿಯಲ್ಲಿ ನಮ್ಮ ಬೆಂಗಳೂರಿನಲ್ಲೇ ಪ್ರಧಾನಿ ಅದಕ್ಕೆ ಚಾಲನೆ ಕೊಟ್ಟಿದ್ದು. ಕಾರು, ಬೈಕಿನ ವಾದ ಬೇರೆ, ಅದಕ್ಕೆ ನಾನು ಹೋಗಲ್ಲ. ಆದರೆ ಈ ಸಣ್ಣ ಇಂಜಿನ್‌ಗಳ ಎಷ್ಟೋ ಕೈಪಿಡಿಗಳಲ್ಲಿ ಶೇಕಡ 10ಕ್ಕಿಂತ ಜಾಸ್ತಿ ಎಥನಾಲ್ ಬೇಡ ಅಂತಲೇ ಇರುತ್ತದೆ. ಎಥನಾಲ್ ಗಾಳಿಯಲ್ಲಿನ ತೇವ ಹೀರುತ್ತದೆ. ನೀರು ಜಾಸ್ತಿ ಆದರೆ ಪೆಟ್ರೋಲ್ ಬಿಟ್ಟು ಕೆಳಗೆ ಕೂರುತ್ತದೆ. ಫಿಲ್ಟರ್ ಇರುವುದೂ ತಳದಲ್ಲೇ, ಹಾಗಾಗಿ ಇಂಜಿನ್ ಮೊದಲು ಕುಡಿಯುವುದು ಅದನ್ನೇ. ಆಯಿಲ್ ಇರುವುದು ಮೇಲಿನ ಪೆಟ್ರೋಲ್ ಪದರದಲ್ಲಿ, ಅಂದರೆ ಇಂಜಿನ್‌ಗೆ ಆಗ ಆಯಿಲ್ ಸರಿಯಾಗಿ ಸಿಗುವುದಿಲ್ಲ.

ನಮ್ಮ ಊರಿನ ಲೆಕ್ಕ ಹಾಕಿ. ಜೂನ್‌ನಿಂದ ಅಕ್ಟೋಬರ್‌ವರೆಗೆ ಹುಲ್ಲು ಹೊಡೆದದ್ದೇ ಹೊಡೆದದ್ದು. ಡಿಸೆಂಬರ್ ಹೊತ್ತಿಗೆ ಮಷೀನ್ ಮೂಲೆ ಸೇರುತ್ತದೆ, ಟ್ಯಾಂಕಿನಲ್ಲಿ ಉಳಿದ ಪೆಟ್ರೋಲ್ ಸಮೇತ. ಮುಂಗಾರು ಮಳೆಗೆ ಮತ್ತೆ ಎಳೆದರೆ ಸ್ಟಾರ್ಟ್ ಆಗುತ್ತೆ, ಓಡಲ್ಲ. ಜೂನ್ ತಿಂಗಳಲ್ಲಿ ಭಾಯ್ ಅಂಗಡಿಯಲ್ಲಿ ಕಾಲಿಡಲು ಜಾಗ ಇರಲ್ಲ ಅಂದರೆ ಕಾರಣ ಇದೇ. ಮಷೀನ್ ಎತ್ತಿಡುವ ಮೊದಲು ಟ್ಯಾಂಕ್ ಬರಿದು ಮಾಡಿ, ಬಾಲ್ ಒತ್ತಿ ಪೈಪಿನಲ್ಲಿರುವುದನ್ನೂ ಖಾಲಿ ಮಾಡಿ, ಸ್ಟಾರ್ಟ್ ಮಾಡಿ ತಾನಾಗಿ ಆಫ್ ಆಗುವವರೆಗೆ ಓಡಿಸಬೇಕು. ಮಿಕ್ಸ್ ಮಾಡಿದ ಪೆಟ್ರೋಲ್ ಒಂದು ತಿಂಗಳಿಗಿಂತ ಜಾಸ್ತಿ ಇಡಬಾರದು. ನಮ್ಮ ಸಂಘದಲ್ಲಿ ಈಗ ಒಂದು ಲೀಟರ್‌ಗಿಂತ ಜಾಸ್ತಿ ಮಿಕ್ಸ್ ಮಾಡುವುದೇ ಇಲ್ಲ.

ಆಯಿಲ್ ವಿಷಯದಲ್ಲೂ ಗೊಂದಲ ಜಾಸ್ತಿ. ಟೂ-ಸ್ಟ್ರೋಕ್‌ನಲ್ಲಿ ಆಯಿಲ್‌ಗೆ ಬೇರೆ ಜಾಗ ಇಲ್ಲ, ಪೆಟ್ರೋಲ್ ಜೊತೆ ಬಂದ ಆಯಿಲೇ ಬೇರಿಂಗ್‌ಗೂ ಪಿಸ್ಟನ್‌ಗೂ. ಕೈಪಿಡಿಯಲ್ಲಿ 50ಕ್ಕೆ 1 ಅಂತಿದ್ದರೆ ಲೀಟರ್‌ಗೆ 20 ಎಂಎಲ್. 40ಕ್ಕೆ 1 ಆದರೆ 25 ಎಂಎಲ್. 25ಕ್ಕೆ 1 ಆದರೆ 40 ಎಂಎಲ್. ಚೀನಾ ಮಷೀನ್‌ಗಳಲ್ಲಿ ಹೆಚ್ಚಾಗಿ 25ಕ್ಕೆ 1 ಅಂತ ಬರೆದಿರುತ್ತದೆ. ಮಾಲಿಗಳು ಮುಚ್ಚಳದ ಲೆಕ್ಕದಲ್ಲಿ ಹಾಕುತ್ತಾರೆ, ಮುಚ್ಚಳ ಒಂದೊಂದು ಬಾಟಲಿಗೆ ಒಂದೊಂದು ಅಳತೆ. ಮೆಡಿಕಲ್ ಶಾಪಿನಲ್ಲಿ ಸಿಗುವ ಸಿರಿಂಜ್ ಒಂದು ಮಷೀನ್ ಜೊತೆಯಲ್ಲೇ ಕಟ್ಟಿಡಿ. ಬಾಟಲಿಯ ಮೇಲೆ ಜಾಸೋ (ಜಪಾನಿನ ಆಯಿಲ್ ಗುಣಮಟ್ಟದ ಗುರುತು) ಎಫ್‌ಸಿ ಅಥವಾ ಎಫ್‌ಡಿ ಅಂತ ಇರುವ ಟೂ-ಟಿ ಆಯಿಲ್ ತೆಗೆದುಕೊಂಡರೆ ಹೊಗೆಯೂ ಕಡಿಮೆ, ಜಾಲರಿಗೆ ಕರಿ ಕಟ್ಟುವುದೂ ಕಡಿಮೆ. ಕಾರಿನ ಇಂಜಿನ್ ಆಯಿಲ್ ಹಾಕಲೇಬಾರದು, ಅದು ಪೆಟ್ರೋಲ್ ಜೊತೆ ಸರಿಯಾಗಿ ಬೆರೆಯಲ್ಲ, ಸರಿಯಾಗಿ ಉರಿಯಲ್ಲ.

ನಾನು ಕೂತಿದ್ದಾಗಲೇ ಆನೇಕಲ್ ಕಡೆಯ ರೈತರೊಬ್ಬರು ಪವರ್ ಸ್ಪ್ರೇಯರ್ ತಂದಿದ್ದರು. ಅವರದ್ದು ಬೇರೆ ಥರ. ರೇಸ್ ಬಿಟ್ಟರೂ ಇಂಜಿನ್ ಕೂಗುತ್ತಲೇ ಇತ್ತು, ಆಮೇಲೆ ಆಫ್. ಭಾಯ್ ಸದ್ದು ಕೇಳಿದವರೇ 'ಅಣ್ಣ, ಬಂದ್ ಮಾಡಿ, ಎಲ್ಲೋ ಏರ್ ಎಳೀತಿದೆ' ಅಂದರು. ಕಾರ್ಬೊರೇಟರ್ ಮತ್ತು ಬ್ಲಾಕ್ ನಡುವಿನ ಪ್ಯಾಕಿಂಗ್ ಹರಿದಿತ್ತು. ಹೀಗೆ ಗಾಳಿ ಎಳೆಯುವ ಇಂಜಿನ್ ಜೋರಾಗಿ ಓಡುವುದು ನೋಡಿ ಜನ ಖುಷಿಪಡುತ್ತಾರೆ, ಆದರೆ ಪೆಟ್ರೋಲ್ ಸಾಲದೆ, ಜೊತೆಗೆ ಆಯಿಲೂ ಸಾಲದೆ ಒಳಗೆ ಕಾದು ಸೀಜ್ ಆಗುವುದು ಈ ಥರದ್ದೇ. ಪ್ಯಾಕಿಂಗ್ ಸರಿ ಇದ್ದರೆ ಮುಂದಿನ ಅನುಮಾನ ಕ್ರ್ಯಾಂಕಿನ ಆಯಿಲ್ ಸೀಲ್. ಆ ರೈತರ ಕೈಯಿಂದ ತೆಗೆದುಕೊಂಡಿದ್ದು ಪ್ಯಾಕಿಂಗ್ ಮತ್ತು ಕೂಲಿ ಸೇರಿ 150 ರೂಪಾಯಿ.

ಭಾಯ್ ತಂದೆಯ ಕಾಲದಲ್ಲಿ ಇದು ಜಾವಾ, ಯೆಜ್ಡಿ ಬೈಕ್ ರಿಪೇರಿ ಅಂಗಡಿ ಆಗಿತ್ತಂತೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು, ರಸ್ತೆಯಲ್ಲಿ ಟೂ-ಸ್ಟ್ರೋಕ್ ಗಾಡಿಗಳು ಕಡಿಮೆ ಆಗುತ್ತಾ ಬಂದವು, ಇವರು ತೋಟದ ಮಷೀನ್‌ಗಳಿಗೆ ತಿರುಗಿದರು. ಗೋಡೆಯಲ್ಲಿ ಇನ್ನೂ ಒಂದು ಯೆಜ್ಡಿ ಸೈಲೆನ್ಸರ್ ನೇತಾಡುತ್ತಿದೆ. ಸದ್ದು ಕೇಳಿಯೇ ರೋಗ ಹೇಳುವ ಈ ವಿದ್ಯೆ ಎಲ್ಲಿಂದ ಬಂತು ಅಂತ ಅದನ್ನು ನೋಡಿದಾಗ ಗೊತ್ತಾಯಿತು.

ಎಲ್ಲ ಜೋಡಿಸಿ ಹೊಸ ಪೆಟ್ರೋಲ್ ಮಿಕ್ಸ್ ಹಾಕಿ ಸ್ಟಾರ್ಟ್ ಮಾಡಿದರು. ಚೋಕ್ ತೆಗೆದರು, ರೇಸ್ ಕೊಟ್ಟರು. ಒಂದೇ ಉಸಿರಿಗೆ ಮೇಲೆ ಹೋಯಿತು. ನಾನು ಎದ್ದು ನಿಂತೆ. ಅವರು ಕೂರಿ ಅಂತ ಸನ್ನೆ ಮಾಡಿದರು, ಬಿಸಿ ಆಗುವವರೆಗೆ ಓಡಿಸಿದರು, ಓರೆ ಮಾಡಿದರು, ಪಕ್ಕಕ್ಕೆ ತಿರುಗಿಸಿದರು, ಆಫ್ ಮಾಡಿ ಬಿಸಿಯಲ್ಲೇ ಮತ್ತೆ ಎಳೆದರು. ಕೊನೆಗೆ ಐಡ್ಲಿಂಗ್ ಸ್ಕ್ರೂ ತಿರುಗಿಸಿ, ರೇಸ್ ಬಿಟ್ಟಾಗ ಬ್ಲೇಡ್ ಕಡೆಯ ತಲೆ ಸುತ್ತುವುದು ಪೂರ್ತಿ ನಿಲ್ಲುವ ಹಾಗೆ ಮಾಡಿದರು. ಐಡ್ಲಿಂಗ್ ಜಾಸ್ತಿ ಇಟ್ಟರೆ ಮಷೀನ್ ಆಫ್ ಆಗಲ್ಲ ಅಂತ ಎಷ್ಟೋ ಕಡೆ ಹಾಗೇ ಮಾಡಿಕೊಡುತ್ತಾರೆ, ಆಗ ಕೈ ಬಿಟ್ಟರೂ ಬ್ಲೇಡ್ ಸುತ್ತುತ್ತಿರುತ್ತದೆ, ಮಾಲಿಯ ಕಾಲಿಗೆ ಅಪಾಯ. ಇದನ್ನು ಕೇಳದೆಯೇ ನೋಡಿಕೊಂಡರಲ್ಲ, ನನಗೆ ಪೂರ್ತಿ ನಂಬಿಕೆ ಬಂದಿದ್ದು ಇಲ್ಲಿ.

ಖರ್ಚು: ಕಿಟ್ 180, ಪೈಪ್ 60, ಕೂಲಿ 350. ಒಟ್ಟು 590. ಹೊಸ ಕಾರ್ಬೊರೇಟರ್ ಹಾಕಿಸುವುದಾದರೆ 650ಕ್ಕೆ ಅವರ ಹತ್ತಿರವೇ ಇತ್ತು, ಆದರೆ ಅವರೇ ಬೇಡ ಅಂದರು. ನಿಮ್ಮದರ ಮೈ ಚೆನ್ನಾಗಿದೆ, ಪರದೆ ಸಾಕು ಅಂದರು. ಸರ್ವೀಸ್ ಸೆಂಟರ್‌ನವರು ತೆಗೆದು ಕೊಟ್ಟಿದ್ದ ಹಳೇ ಪ್ಲಗ್ ತೋರಿಸಿದೆ. ಉಜ್ಜಿ, 0.6 ಮಿಲಿಮೀಟರ್ ಗ್ಯಾಪ್ ಇಟ್ಟು, ಇದೂ ಚೆನ್ನಾಗೇ ಇದೆ, ಸ್ಪೇರ್ ಇಟ್ಟುಕೊಳ್ಳಿ ಅಂತ ವಾಪಸ್ ಕೊಟ್ಟರು. ತೆಗೆದ ಸಾಮಾನೆಲ್ಲ ಕವರ್‌ನಲ್ಲಿ ಹಾಕಿ ಕೊಟ್ಟರು. ಸಂಘದ ಮೀಟಿಂಗ್‌ನಲ್ಲಿ ಆ ಹಳೇ ಪರದೆಯನ್ನೇ ಎಲ್ಲರ ಕೈಗೂ ಕೊಟ್ಟೆ.

ಕೊರತೆಗಳೂ ಇವೆ, ಹೇಳಲೇಬೇಕು. ಪ್ರಿಂಟ್ ಮಾಡಿದ ಬಿಲ್ ಸಿಗಲ್ಲ, ಕೈಯಲ್ಲಿ ಬರೆದ ಚೀಟಿ ಅಷ್ಟೇ. ಸಂಘ, ಅಪಾರ್ಟ್‌ಮೆಂಟ್‌ನವರು ಜಿಎಸ್‌ಟಿ ಬಿಲ್ ಬೇಕು ಅಂದರೆ ಇಲ್ಲಿ ಕಷ್ಟ. ನನ್ನ ಖಜಾಂಚಿಗೆ ಚೀಟಿ ಒಪ್ಪಿಸಲು ಸಾಕುಬೇಕಾಯಿತು. ಫೋನ್ ಎತ್ತಲ್ಲ, ಕೈ ತುಂಬ ಗ್ರೀಸ್ ಇರುತ್ತದೆ. ಮಷೀನ್ ಬಿಟ್ಟು ಹೋದರೆ ಯಾವಾಗ ಆಗುತ್ತೆ ಅಂತ ಹೇಳಲಾಗಲ್ಲ, ಕೂತು ಮಾಡಿಸಿಕೊಂಡರೆ ಅವತ್ತೇ ಆಗುತ್ತದೆ. ಬೆಳಿಗ್ಗೆ ಹನ್ನೊಂದಕ್ಕೆ ಮೊದಲು ಶಟರ್ ಎತ್ತಲ್ಲ. ಶುಕ್ರವಾರ ಮಧ್ಯಾಹ್ನ ನಮಾಜಿಗೆ ಹೋಗಿರುತ್ತಾರೆ, ಭಾನುವಾರ ರಜ. ಕೂರಲು ಇರುವುದು ಒಂದೇ ಸ್ಟೂಲ್. ಗಾಡಿ ನಿಲ್ಲಿಸಲು ಜಾಗ ಅಂತೂ ಇಲ್ಲವೇ ಇಲ್ಲ, ಟೌನ್ ಹಾಲ್ ಕಡೆಯಿಂದ ಕಾರಲ್ಲಿ ಬಂದರೆ ಅಲ್ಲೇ ಅರ್ಧ ದಿನ ಹೋಗುತ್ತದೆ.

ಇನ್ನೊಂದು ವಿಷಯ. ವಾರಂಟಿ ಇರುವ ಹೊಸ ಮಷೀನ್ ಆದರೆ ಇಲ್ಲಿಗೆ ತರಬೇಡಿ, ಹೊರಗೆ ಬಿಚ್ಚಿಸಿದರೆ ಕಂಪನಿಯವರು ವಾರಂಟಿ ಕೊಡಲ್ಲ. ಆಯಿಲ್ ಮಿಕ್ಸ್ ಮಾಡುವ ತಾಪತ್ರಯವೇ ಬೇಡ ಅನ್ನುವವರು ಹೋಂಡಾದ 35 ಸಿಸಿ ಫೋರ್-ಸ್ಟ್ರೋಕ್ ಥರದ್ದು ನೋಡಬಹುದು, ಬೆಲೆ ಜಾಸ್ತಿ, ಆದರೆ ಬರೀ ಪೆಟ್ರೋಲ್ ಹಾಕಿದರೆ ಸಾಕು, ಆಯಿಲ್ ಬೇರೆ ಇರುತ್ತದೆ. ಹಳೇ ಪೆಟ್ರೋಲ್ ಬಿಟ್ಟಿಟ್ಟರೆ ಅದರ ಕಾರ್ಬೊರೇಟರ್ ಕೂಡ ಕೆಡುತ್ತದೆ, ಅದನ್ನು ಮರೆಯಬೇಡಿ. ಭಾಯ್ ಫೋರ್-ಸ್ಟ್ರೋಕ್ ಮುಟ್ಟಲ್ಲ, ಬ್ಯಾಟರಿ ಮಷೀನೂ ಇಲ್ಲ.

ಹೋಗುವವರಿಗೆ: ಬ್ಲೇಡ್ ಬಿಚ್ಚಿ ಮನೆಯಲ್ಲೇ ಇಡಿ. ನಿಮ್ಮದರಲ್ಲಿ ಬ್ಲೇಡ್ ಕಡೆಗೆ ಹೋಗುವ ಉದ್ದದ ಪೈಪ್ ಕಳಚಲು ಬಂದರೆ ಇಂಜಿನ್ ಭಾಗ ಮಾತ್ರ ಸಾಕು, ಐಡ್ಲಿಂಗ್‌ನಲ್ಲಿ ಬ್ಲೇಡ್ ಕಡೆಯ ತಲೆ ಸುತ್ತುತ್ತಾ ಅಂತ ನೋಡಬೇಕಿದ್ದರೆ ಪೂರ್ತಿ ತೆಗೆದುಕೊಂಡು ಹೋಗಿ. ಟ್ಯಾಂಕಿನಲ್ಲಿರುವ ಹಳೇ ಪೆಟ್ರೋಲ್ ಚೆಲ್ಲಬೇಡಿ, ತಳದಲ್ಲಿ ಏನು ಕೂತಿದೆ ಅಂತ ಅವರೇ ನೋಡುತ್ತಾರೆ. ಕೆ.ಆರ್. ಮಾರ್ಕೆಟ್ ಮೆಟ್ರೋ ಸ್ಟೇಷನ್ ಹತ್ತಿರವೇ ಇದೆ, ಆದರೆ ಪೆಟ್ರೋಲ್ ಇರುವ ಮಷೀನ್ ಮೆಟ್ರೋದಲ್ಲಿ ಬಿಡಲ್ಲ. ಆಟೋ ಮಾಡಿಕೊಂಡು, ಮುಚ್ಚಳ ಬಿಗಿ ಮಾಡಿ, ಮಷೀನ್ ನೆಟ್ಟಗೆ ಹಿಡಿದುಕೊಂಡು ಹೋಗಿ. ಮೇ ತಿಂಗಳ ಕೊನೆಯೊಳಗೆ ಹೋದರೆ ಆ ಒಂದು ಸ್ಟೂಲ್ ನಿಮಗೆ ಸಿಗುತ್ತದೆ.